ಹಳದಿ ಚೀಟಿ

ಹೊಸಪೇಟೆ ಕಾಲೇಜು ರಸ್ತೆಯ ಹಲ್ಲಿನ ಡಾಕ್ಟರ್ ಪ್ರಭಂಜನನಿಗೆ ಸಿಟ್ಟು ಬಂದರೆ ಅವನು ಬೈಯುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ಮೇಜಿನ ಎಡಗಡೆಯ ಡ್ರಾಯರ್ ಎಳೆದು ಹಳದಿ ಚೀಟಿ ಬರೆಯುತ್ತಿದ್ದ. ಗುರುವಾರ ತಪ್ಪದೆ ರಾಯರ ಮಠಕ್ಕೆ ಹೋಗುವ ಮನುಷ್ಯ, ಬಾಯಲ್ಲಿ ಕೆಟ್ಟ ಮಾತು ಬರಬಾರದಲ್ಲ. ಹಾಗಾಗಿ ಕೆಟ್ಟ ಮಾತು ಬರಬೇಕಾದ ಜಾಗದಲ್ಲೆಲ್ಲ ಚೀಟಿ ಬರುತ್ತಿತ್ತು.

ಆ ಚೀಟಿ ಅವನ ಡ್ರಾಯರಿಗೆ ಬಂದದ್ದು ಆರು ವರ್ಷದ ಹಿಂದೆ. ಸಂಡೂರಿನ ಸುಮಲತಾ ಎಂಬಾಕೆ ಎಲ್ಲರಂತೆ ಹಲ್ಲಿನ ಡಾಕ್ಟರ್ ಆದದ್ದು ಸಾಲದೆಂದು ಬರೀ ವಸಡಿನ ಮೇಲೆ ಮತ್ತೆ ಮೂರು ವರ್ಷ ಓದಿ, ಸ್ಟೇಷನ್ ರಸ್ತೆಯಲ್ಲಿ ಬೋರ್ಡು ಹಾಕಿದಳು. ಊರಿನ ಹಲ್ಲಿನ ಡಾಕ್ಟರರ ಬಾಗಿಲಿಗೆಲ್ಲ ತಾನೇ ಹೋದಳು, ಕೈಗೊಂದು ಹಳದಿ ಚೀಟಿಗಳ ಪುಸ್ತಕ ಕೊಟ್ಟಳು. ಹಲ್ಲಿಗೂ ವಸಡಿಗೂ ನಡುವಿನ ಸಂದು ಐದು ಮಿಲಿಮೀಟರ್ ದಾಟಿದ್ದರೆ, ಕ್ಲೀನ್ ಮಾಡಿದ ಮೇಲೂ ರಕ್ತ ನಿಲ್ಲದಿದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ, ಅದರ ಮೇಲೆ ಸಕ್ಕರೆ ಕಾಯಿಲೆಯೂ ಇದ್ದರೆ ತಡಮಾಡದೆ ಕಳಿಸಿರಿ ಸರ್ ಅಂದಳು. ಪ್ರಭಂಜನ ಹೌದೌದು ಅಂದ, ಚಹಾ ತರಿಸಿದ, ಆಕೆ ಮೆಟ್ಟಿಲಿಳಿದ ಮೇಲೆ ಪುಸ್ತಕವನ್ನು ಡ್ರಾಯರಿಗೆ ತುರುಕಿದ.

ಅವನ ಲೆಕ್ಕವೂ ಅವನ ಮಟ್ಟಿಗೆ ಸರಿಯೇ ಇತ್ತು. ನಮ್ಮ ಪೇಷಂಟನ್ನ ಇನ್ನೊಬ್ಬರ ಹತ್ತಿರ ಕಳಿಸೋದು ಅಂದ್ರೆ ನನಗೆ ಬರಲ್ಲ ಅಂತ ನಾವೇ ಡಂಗುರ ಸಾರಿದಂತೆ. ಹೋದವನು ತಿರುಗಿ ಬರ್ತಾನೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಅಲ್ಲದೆ, ತಾನು ಬೋರ್ಡು ಹಾಕಿದ ದಿನ ಈಕೆ ಸಂಡೂರಲ್ಲಿ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದವಳು. ಈಕೆ ಬಂದು ತನಗೆ ಮಿಲಿಮೀಟರ್ ಕಲಿಸಬೇಕೆ! ವಸಡು ಅಂದ್ರೆ ಏನು ಮಹಾ, ಕ್ಲೀನ್ ಮಾಡು, ಉಪ್ಪುನೀರು ಮುಕ್ಕಳಿಸು ಅನ್ನು, ಮುಗೀತು.

ಪುಸ್ತಕ ಡ್ರಾಯರಿನಲ್ಲೇ ಕೊಳೆಯುತ್ತಿತ್ತೋ ಏನೋ, ಉಚ್ಚೆಂಗಮ್ಮ ಬರದೇ ಹೋಗಿದ್ದರೆ. ಈಕೆ ಮರಿಯಮ್ಮನಹಳ್ಳಿಯಲ್ಲಿ ಹೈವೇ ಮಗ್ಗುಲಿಗೆ ಲಾರಿ ಡ್ರೈವರುಗಳಿಗೆ ಖಾನಾವಳಿ ನಡೆಸುವ ಹೆಂಗಸು. ದಿನಕ್ಕೆ ನೂರು ಜನ ಗಂಡಸರನ್ನು ಜೋರು ಮಾಡಿ ಉಣ್ಣಿಸಿ ಕಳಿಸುವವಳಿಗೆ ಒಬ್ಬ ಡಾಕ್ಟರ್ ಯಾವ ಲೆಕ್ಕ? ಕುರ್ಚಿಯಲ್ಲಿ ಕೂತಾಗಿನಿಂದ ಸೂಜಿ ಹೊಸದಾ ಹಳೇದಾ, ಕೈಗವಸು ಬದಲಾಯಿಸಿದಿರಾ, ಈ ಮಿಷನ್ ಯಾಕೆ ಹಿಂಗೆ ಒದರುತ್ತದೆ ಎಂದು ಒಂದೇ ಸಮನೆ ಕೇಳುವಳು. ಮೂರನೇ ಸಲ ಬಂದಾಗ ಕನ್ನಡಿಯಲ್ಲಿ ತನ್ನ ವಸಡು ತಾನೇ ನೋಡಿಕೊಂಡು ಕೇಳಿದಳು:

"ಎರಡ್ ಸಲ ಕ್ಲೀನ್ ಮಾಡೀರಿ. ಮತ್ತ ರಕ್ತ ಯಾಕ ಬರಾಕತ್ತೈತಿ? ಕ್ಲೀನ್ ಮಾಡೀರೋ, ಮ್ಯಾಲ ಮ್ಯಾಲ ಸವರಿ ಬಿಟ್ಟೀರೋ?"

ಅದು ಕೇಳಬೇಕಾದ ಪ್ರಶ್ನೆಯೇ ಆಗಿತ್ತು. ಸಿಟ್ಟು ಬಂದದ್ದೂ ಅದಕ್ಕೇ. ಪ್ರಭಂಜನ ವಸಡಿನ ಆಳ ಅಳೆಯುವ ಗೆರೆ ಹಾಕಿದ ಸಣ್ಣ ಕಡ್ಡಿ ತೆಗೆದು, ಇದು ನನ್ನ ಕೈ ತಪ್ಪಲ್ಲ ನಿನ್ನ ಬಾಯಿ ತಪ್ಪು ಎಂದು ತೋರಿಸಲಿಕ್ಕೇ ಒಂದೊಂದು ಹಲ್ಲಿಗೂ ಅಳೆದ. ಆರು, ಆರು, ಏಳು. ಡ್ರಾಯರ್ ಎಳೆದ. ಅಂಕಿಗಳನ್ನೆಲ್ಲ ಚೆಂದಾಗಿ ಬರೆದು ಸಹಿ ಹಾಕಿ, ಇನ್ನು ಮುಂದೆ ಅಲ್ಲಿಗೇ ಹೋಗ್ರಿ ಅಂತ ಚೀಟಿಯನ್ನು ಆಕೆಯ ಕೈಗಿಟ್ಟ. ಆಕೆ ಹೋದ ಮೇಲೆ ಕ್ಲಿನಿಕ್ಕಿನಲ್ಲಿ ಹಬ್ಬ ಮುಗಿದ ಮನೆಯ ನೆಮ್ಮದಿ. ಹದಿನೆಂಟು ವರ್ಷದಿಂದ ಅಲ್ಲಿ ಕೆಲಸಕ್ಕಿರುವ ಗಾಯತ್ರಿಯೂ, ಪೀಡೆ ತೊಲಗಿತು ನೋಡ್ರಿ ಸರ್ ಅಂದಳು.

ರುಚಿ ಹತ್ತಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಲಿಂಗರಾಜ್ ಶಿಫ್ಟಿನ ನೆಪ ಹೇಳಿ ಮೂರು ಸಲ ಕೊಟ್ಟ ವೇಳೆಗೆ ಬರದೆ ನಾಲ್ಕನೇ ಸಲ ರಜೆ ದಿನ ಬಂದು ಬಾಗಿಲು ಬಡಿದ, ಅವನಿಗೊಂದು ಚೀಟಿ. ರಿಟೈರಾದ ಹೆಡ್ಮಾಸ್ತರರೊಬ್ಬರು ಮೊಬೈಲಲ್ಲಿ ಅಮೆರಿಕದ ಡಾಕ್ಟರನ ವಿಡಿಯೋ ತೋರಿಸಿ, ನೀವು ಹಿಂಗೆ ಮಾಡಲ್ಲವಲ್ಲ ಅಂದರು, ಅವರಿಗೊಂದು. ಕಂಪ್ಲಿಯ ಅಕ್ಕಿ ಗಿರಣಿಯವರ ಸೊಸೆ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಫೋನ್ ಎತ್ತಿದಳು, ಆಕೆಗೂ. ಒಂದು ಮಾತು ಅವನ ಪರವಾಗಿ ಹೇಳಲೇಬೇಕು: ವಸಡು ನೆಟ್ಟಗಿದ್ದವರಿಗೆ ಅವನು ಚೀಟಿ ಕೊಟ್ಟವನಲ್ಲ, ಅಷ್ಟು ಅನ್ಯಾಯ ಅವನಿಂದಾಗದು. ಆದರೆ ವಸಡು ಅಳೆಯಬೇಕೋ ಬೇಡವೋ ಅನ್ನುವುದು ಮಾತ್ರ ಅವರ ನಡತೆಯ ಮೇಲೆ ತೀರ್ಮಾನವಾಗುತ್ತಿತ್ತು. ಮೂವತ್ತೈದು ದಾಟಿದವರ ಬಾಯಲ್ಲಿ ಹುಡುಕಿದರೆ ಎಲ್ಲೋ ಒಂದು ಕಡೆ ಐದಾರು ಮಿಲಿಮೀಟರ್ ಸಿಕ್ಕೇ ಸಿಗುತ್ತದೆ.

ಅತ್ತ ಸುಮಲತಾಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಊರಿನ ಉಳಿದ ಡಾಕ್ಟರರು ಹಲ್ಲು ಕೈಗೆ ಬಂದ ಮೇಲೆ ಕಳಿಸುತ್ತಿದ್ದರೆ, ಪ್ರಭಂಜನ ಕಳಿಸಿದವರು ಇನ್ನೂ ಉಳಿಸಬಹುದಾದ ಸ್ಥಿತಿಯಲ್ಲೇ ಬರುತ್ತಿದ್ದರು, ಚೀಟಿಯಲ್ಲಿ ಅಂಕಿಯ ಸಮೇತ. ಡಾಕ್ಟರರ ಸಂಘದ ಸಭೆಯಲ್ಲಿ ಆಕೆ ಎದ್ದು ನಿಂತು, ಯಾವಾಗ ಕಳಿಸಬೇಕು ಅನ್ನೋದನ್ನ ಪ್ರಭಂಜನ ಸರ್ ನೋಡಿ ಕಲೀಬೇಕು ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಟ್ಟಿ ಬಂದ ಹೊಗಳಿಕೆಯನ್ನು ಯಾರು ಬ್ಯಾಡಂತಾರೆ? ಪ್ರಭಂಜನ ಕೈ ಮುಗಿದ. ಮನೆಗೆ ಬರುವಷ್ಟರಲ್ಲಿ ಅವನಿಗೂ ಅದು ನಿಜವೆನ್ನಿಸಿಬಿಟ್ಟಿತ್ತು.

ಇನ್ನು ಭರಮಣ್ಣ. ಕಡ್ಡಿರಾಂಪುರದವನು, ಮೂವತ್ತು ವರ್ಷದಿಂದ ಹಂಪಿಯಲ್ಲಿ ಗೈಡು, ಈಗ ಐವತ್ತೆಂಟು. ಇಪ್ಪತ್ತೆರಡು ವರ್ಷದ ಹಿಂದೆ ಪ್ರಭಂಜನ ಕ್ಲಿನಿಕ್ ತೆರೆದಾಗ ಮೂರು ದಿನ ಒಂದು ನೊಣ ಕೂಡ ಬಂದಿರಲಿಲ್ಲ. ನಾಲ್ಕನೇ ದಿನ ಗಲ್ಲ ಊದಿಸಿಕೊಂಡು ಬಂದವನು ಭರಮಣ್ಣ. ದವಡೆ ಹಲ್ಲು ಕೀಳುವಾಗ ಬೇರು ಒಳಗೇ ಮುರಿಯಿತು, ಹತ್ತು ನಿಮಿಷದ ಕೆಲಸಕ್ಕೆ ಒಂದೂವರೆ ತಾಸು ಹಿಡಿಯಿತು. ಎದ್ದು ಹೋಗುವಾಗ ಭರಮಣ್ಣ ಬಾಯಲ್ಲಿ ಹತ್ತಿ ಕಚ್ಚಿಕೊಂಡೇ, ನಿಮ್ಮ ಕೈ ಭಾಳ ಹಗುರ್ರಿ ಡಾಕ್ಟ್ರೇ ಅಂದ. ಹಸೀ ಸುಳ್ಳು! ಹೊಸ ಡಾಕ್ಟರನ ಮುಖ ನೋಡಲಾರದೆ ಹೇಳಿದ ಸುಳ್ಳು. ಅದೇ ಸುಳ್ಳನ್ನು ಹಂಪಿ, ಕಮಲಾಪುರದ ತುಂಬ ಸಾರಿ ವರ್ಷದೊಳಗೆ ಕ್ಲಿನಿಕ್ಕಿನ ಬೆಂಚು ತುಂಬಿಸಿದ.

ಅಂಥವನ ಬಾಯಿಗೆ ಅಳೆಯುವ ಕಡ್ಡಿ ಹಾಕುವುದೆ? ಮನೆ ಹಿರಿಯನನ್ನು ಬಾಗಿಲಲ್ಲಿ ನಿಲ್ಲಿಸಿ ಗುರುತಿನ ಚೀಟಿ ಕೇಳಿದಂತೆ ಆದೀತು. ಆರು ತಿಂಗಳಿಗೊಮ್ಮೆ ಭರಮಣ್ಣ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬರುವನು. ಪ್ರಭಂಜನ ಹಲ್ಲನ್ನು ಮೇಲೆ ಮೇಲೆ ತಿಕ್ಕಿ ಹೊಳೆಸಿ, ಸಕ್ಕರೆ ಹೆಂಗದ, ತಂಬಾಕು ಬಿಟ್ಟಿರೇನು ಅಂತ ಕೇಳಿ, ವಸಡು ತುಸು ಮೆತ್ತಗಾಗ್ಯದ, ಉಪ್ಪುನೀರು ಮುಕ್ಕಳಿಸ್ರಿ ಅನ್ನುವನು. ಅರ್ಧ ತಾಸು ಹರಟೆ. ಆ ಅರ್ಧ ತಾಸಿಗಾಗಿ ಪ್ರಭಂಜನ ಬೇರೆ ಪೇಷಂಟುಗಳನ್ನು ಕಾಯಿಸುತ್ತಿದ್ದ. ಅಷ್ಟು ಜೀವ.

ಈ ವರ್ಷ ಸಂಕ್ರಾಂತಿ ಕಳೆದ ವಾರದಲ್ಲಿ ಒಂದೇ ಬೆಳಿಗ್ಗೆ ಇಬ್ಬರೂ ಬಂದರು. ಮೊದಲು ಉಚ್ಚೆಂಗಮ್ಮ, ಹಳೇ ಸಿಮೆಂಟು ಬಿದ್ದುಹೋಗಿದೆ ತುಂಬಿಕೊಡ್ರಿ, ವಸಡಿನ ಮೇಡಂ ಅದನ್ನು ಮಾಡೋದಿಲ್ಲವಂತೆ ಅಂದಳು. ಪ್ರಭಂಜನ ಒಲ್ಲದ ಮನಸ್ಸಿನಿಂದ ಕನ್ನಡಿ ಹಾಕಿ ನೋಡಿದ, ಮತ್ತೊಮ್ಮೆ ನೋಡಿದ. ಒಂದು ಹಲ್ಲೂ ಅಲುಗುತ್ತಿಲ್ಲ, ಎಲ್ಲೂ ಒಂದು ಹನಿ ರಕ್ತವಿಲ್ಲ. ಆಕೆ ದೂರು ಹೇಳುತ್ತಲೇ ಇದ್ದಳು: ವಸಡು ಬಿಡಿಸಿ ಬೇರಿನ ತನಕ ಕೆರೆದರು, ಮೂರು ತಿಂಗಳಿಗೊಮ್ಮೆ ಕರೆಸಿ ಪರೀಕ್ಷೆ ಮಾಡುತ್ತಾರೆ, ರಾತ್ರಿ ಹಲ್ಲಿನ ಸಂದಿಯಲ್ಲಿ ದಾರ ಎಳೆಯದಿದ್ದರೆ ಕಂಡುಹಿಡಿದು ಬೈಯುತ್ತಾರೆ. ಭಾಳ ಕಾಡ್ತಾಳ್ರಿ ಆಕಿ, ಅಂದಳು ಹೆಮ್ಮೆಯಿಂದ. ಖಡಕ್ ರೊಟ್ಟಿಯನ್ನು ನೆನೆಸದೆ ತಿನ್ನುತ್ತೇನೆ ಅಂತಲೂ ಹೇಳಿದಳು. ನೀವು ನನ್ನ ಓಡಿಸಿದ್ದು ಚಲೋ ಆತು ನೋಡ್ರಿ, ಅಂತ ಹೇಳಿ, ಸಿಮೆಂಟು ತುಂಬಿಸಿಕೊಂಡು ಎದ್ದುಹೋದಳು.

ಅದೇ ಕುರ್ಚಿಯಲ್ಲಿ ಭರಮಣ್ಣ ಕೂತ. ಇವತ್ತು ಬಾಳೆಹಣ್ಣಿತ್ತು, ಹರಟೆ ಇರಲಿಲ್ಲ. ಹೇಮಕೂಟದಲ್ಲಿ ಪ್ರವಾಸಿಗಳ ಮುಂದೆ ಸಾಸಿವೆಕಾಳು ಗಣಪ ಅನ್ನಲಿಕ್ಕೆ ಹೋದರೆ ಮುಂದಿನ ಹಲ್ಲೇ ನಾಲಿಗೆಯ ಜೊತೆ ಮುಂದಕ್ಕೆ ಬಂತು, ಒಂದು ಮಗು ನಕ್ಕಿತು ಅಂದ. ತಾನೂ ನಕ್ಕೆ ಅಂದ. ಆದರೆ ಈಗ ನಗುತ್ತಿರಲಿಲ್ಲ. ಗೈಡಿಗೆ ಬಾಯೇ ಹೊಲ, ಬಾಯೇ ಬೆಳೆ. ಮಾತು ತೊದಲಿದರೆ ಯಾರು ಕರೆದಾರು?

ಪ್ರಭಂಜನ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಭರಮಣ್ಣನ ವಸಡಿಗೆ ಕಡ್ಡಿ ಇಳಿಸಿದ. ಎಂಟು. ಪಕ್ಕದ ಹಲ್ಲಿಗೆ ಒಂಬತ್ತು. ದವಡೆಯ ಕಡೆ ಏಳು, ಏಳು, ಆರು. ಹಳೇ ಫೈಲು ತರಿಸಿ ಆರು ವರ್ಷದ ಹಿಂದಿನ ಎಕ್ಸ್‌ರೇ ಬೆಳಕಿಗೆ ಹಿಡಿದ. ಹಲ್ಲು ಹಿಡಿದ ಎಲುಬು ಆಗಲೇ ಮೂರರಲ್ಲಿ ಒಂದು ಪಾಲು ಕರಗಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಎಕ್ಸ್‌ರೇ ತೆಗೆದವನು ತಾನೇ. ಉಚ್ಚೆಂಗಮ್ಮನಿಗೆ ಚೀಟಿ ಬರೆದ ವರ್ಷವೇ ಅದು. ಅವನಿಗಾದದ್ದು ನಾಚಿಕೆ, ಬರೀ ನಾಚಿಕೆ. ಅದಕ್ಕೆ ಬೇರೆ ಹೆಸರಿಲ್ಲ.

ಡ್ರಾಯರ್ ಎಳೆದು, ಹಳದಿ ಚೀಟಿ ಬರೆದು ಭರಮಣ್ಣನ ಮುಂದೆ ಹಿಡಿದ. ಭರಮಣ್ಣ ಅದನ್ನು ತಗೊಳ್ಳಲಿಲ್ಲ. ಚೀಟಿಯ ಬಣ್ಣ ನೋಡಿದ, ಡಾಕ್ಟರನ ಮುಖ ನೋಡಿದ, ಎದ್ದು ನಿಂತು ಹೆಗಲ ಮೇಲಿನ ಟವೆಲ್ ಕೈಗೆ ತಗೊಂಡ.

"ನಾನೇನ್ ತಪ್ಪು ಮಾಡೀನ್ರಿ ಡಾಕ್ಟ್ರೇ?"

ಯಾಕೆ ಹೀಗೆ ಕೇಳಿದನೆಂದು ಪ್ರಭಂಜನನಿಗೆ ತಿಳಿಯಲಿಲ್ಲ. ತಪ್ಪಲ್ಲ, ರೋಗ ಅಂದ. ಅವರು ನನಗಿಂತ ಚಲೋ ನೋಡ್ತಾರ ಅಂದ. ಭರಮಣ್ಣ ತಲೆಯಾಡಿಸಿದ, ಚೀಟಿಯನ್ನು ತಗೊಂಡು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗಿಟ್ಟ, ಬಾಗಿಲ ತನಕ ಹೋಗಿ ತಿರುಗಿ ನಿಂತ.

"ಎರಡ್ ವರ್ಸ ಆತ್ರಿ ಅಲ್ಲಾಡಾಕತ್ತು. ಹೇಳಿದ್ರ ಚೀಟಿ ಕೊಡ್ತೀರಂತ ಸುಮ್ನಿದ್ದೆ. ಹೆಂಗೂ ಕೊಟ್ರಿ."

ಅವನು ಹೋದ ಮೇಲೆ ಪ್ರಭಂಜನ ಗಾಯತ್ರಿಯನ್ನು ಕರೆದು ಕೂರಿಸಿ, ಚೀಟಿಯ ವಿಷಯ ಏನೆಂದು ಕೇಳಿದ. ಆಕೆ ಮೊದಲು ಅತ್ತಿತ್ತ ನೋಡಿ, ಆಮೇಲೆ ಎಲ್ಲ ಹೇಳಿಬಿಟ್ಟಳು. ಸರ್‌ಗೆ ಬ್ಯಾಡಾದವರಿಗೆ ಹಳದಿ ಚೀಟಿ ಅಂತ ಹೊರಗೆ ಬೆಂಚಿನ ಮೇಲೆ ಎಲ್ಲರಿಗೂ ಗೊತ್ತು. ಹಳಬರು ಹೊಸಬರಿಗೆ ಬುದ್ಧಿ ಹೇಳುತ್ತಾರೆ: ಒಳಗೆ ಹೋಗಿ ಜಾಸ್ತಿ ಮಾತಾಡಬ್ಯಾಡ, ರಕ್ತ ಬರ್ತೈತಿ ಅಂತ ಹೇಳಬ್ಯಾಡ, ನೋವೈತಿ ಅನ್ನು ಸಾಕು, ಇಲ್ಲಂದ್ರೆ ಚೀಟಿ ಕೊಟ್ಟು ಓಡಿಸ್ತಾರ. ಒಳಗೆ ಹೋಗುವ ಮುಂಚೆ ಕೆಲವರು ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸಿ, ರಕ್ತ ನಿಂತದ್ದು ನೋಡಿಕೊಂಡೇ ಹೋಗುತ್ತಾರೆ. ನಿನಗೆ ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ ಅಂದರೆ, ನನಗೂ ವಸಡು ನೋಯ್ತದ ಸರ್ ಅಂದಳು ಗಾಯತ್ರಿ, ನೆಲ ನೋಡುತ್ತ.

ಒಂದು ವಾರ ಕಳೆಯಿತು. ಪ್ರಭಂಜನ ಎರಡು ಸಲ ಸುಮಲತಾಗೆ ಫೋನ್ ಮಾಡಿದ. ಆ ಹೆಸರಿನವರು ಯಾರೂ ಬಂದಿಲ್ಲ ಸರ್ ಅಂದಳು. ಭಾನುವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ತಾನೇ ಹಂಪಿಗೆ ಹೋದ. ಹೇಮಕೂಟದ ಬಂಡೆಯ ಮೇಲೆ ಭರಮಣ್ಣ ದಾವಣಗೆರೆ ಕಡೆಯ ಒಂದು ಸಂಸಾರಕ್ಕೆ ಊರು ತೋರಿಸುತ್ತಿದ್ದ, ಟವೆಲ್ಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು. ಕಡಲೆಕಾಳು ಗಣಪನನ್ನು ವಿವರವಾಗಿ ಹೇಳಿದ. ನಾಲ್ಕು ಹೆಜ್ಜೆ ಆಚೆ ಇದ್ದ ಸಾಸಿವೆಕಾಳು ಗಣಪನ ಕಡೆ ಹೊರಳದೆ ಅವರನ್ನು ಗುಡ್ಡ ಇಳಿಸಿಕೊಂಡು ಹೋದ. ಮೂವತ್ತು ವರ್ಷ ದಿನಾ ತೋರಿಸಿದ ದೇವರನ್ನು ಒಂದಕ್ಷರದ ಭಯಕ್ಕೆ ಬಿಟ್ಟಿದ್ದ. ಪ್ರಭಂಜನನಿಗೆ ಅಲ್ಲೇ ಬಂಡೆಯ ಮೇಲೆ ಕೂತು ಅತ್ತುಬಿಡೋಣ ಅನ್ನಿಸಿತು.

ಆ ಸಂಸಾರವನ್ನು ಆಟೋ ಹತ್ತಿಸಿ ಕಳಿಸಿದ ಮೇಲೆ ಭರಮಣ್ಣ ಅವನನ್ನು ಕಂಡು, ಏನೂ ಆಗಿಲ್ಲದವನಂತೆ, ಬರ್ರಿ ಡಾಕ್ಟ್ರೇ ಚಾ ಕುಡಿಯೋಣು ಅಂದ. ಚಹಾದಂಗಡಿಯಲ್ಲಿ ಪ್ರಭಂಜನ ತಿಳಿಸಿ ಹೇಳಲಿಕ್ಕೆ ಹೊರಟು, ಯಾವ ಮಾತು ಆಡಿದರೂ ಓಡಿಸಿದಂತೆಯೇ ಕೇಳುತ್ತದೆಂದು ಗೊತ್ತಾಗಿ ನಿಲ್ಲಿಸಿದ. ಕೊನೆಗೆ, ನಾಳೆ ಹತ್ತು ಗಂಟೆಗೆ ಕಡ್ಡಿರಾಂಪುರದ ಬಸ್ ಸ್ಟಾಪಿನಲ್ಲಿ ನಿಂತಿರ್ರಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ, ಅಲ್ಲಿ ನಿಮ್ಮ ಬಾಜೂಕೇ ಕುಂದ್ರತೀನಿ ಅಂದ. ಭರಮಣ್ಣ ಬಸಿಗೆ ಸುರಿದುಕೊಂಡ ಚಹಾ ಕುಡಿದು ಮುಗಿಸಿದ. ನೀವೂ ಬರೋದಾದ್ರೆ ಬರ್ತೀನ್ರಿ ಅಂದ.

ಸೋಮವಾರ ಸ್ಟೇಷನ್ ರಸ್ತೆಯ ಕ್ಲಿನಿಕ್ಕಿನ ಬಾಗಿಲು ತೆರೆದು ಪ್ರಭಂಜನ ನೋಡಿದರೆ ಬೆಂಚಿನ ಮೇಲೆ ಸಾಲಾಗಿ ಅವನ ಚೀಟಿಯವರೇ! ಲಿಂಗರಾಜ್ ವೇಳೆಗೆ ಸರಿಯಾಗಿ ಬಂದು ಕೂತಿದ್ದ. ಹೆಡ್ಮಾಸ್ತರರು ಅವನಿಗೆ ಮೊಬೈಲಲ್ಲಿ ಏನೋ ತೋರಿಸುತ್ತಿದ್ದರು. ನಡುವೆ ಉಚ್ಚೆಂಗಮ್ಮ ಹುರಿದ ಶೇಂಗಾ ಹಂಚುತ್ತಿದ್ದಳು, ಎಲ್ಲರೂ ಕಟಕಟ ಅಂತ ಅಗಿಯುತ್ತಿದ್ದರು. ಡಾಕ್ಟರನನ್ನು ಕಂಡು ಸದ್ದು ನಿಂತಿತು. ಉಚ್ಚೆಂಗಮ್ಮ ಭರಮಣ್ಣನ ಕಿಸೆಯಿಂದ ಇಣುಕುವ ಹಳದಿ ಕಾಗದ ನೋಡಿ ಸರಿದು ಜಾಗ ಮಾಡಿಕೊಟ್ಟಳು. ಕುಂದ್ರಪಾ ಯಣ್ಣ, ನೀನೂ ಜಗಳಾಡಿದೇನು ಇವರ ಜೋಡಿ, ಅಂದಳು. ಶೇಂಗಾ ಕೊಡಲಿಕ್ಕೆ ಬಂದ ಆಕೆಯ ಕೈಗೆ ಭರಮಣ್ಣ ತಲೆಯಾಡಿಸಿ ಬ್ಯಾಡ ಅಂದ.

ಒಳಗೆ ಸುಮಲತಾ ಅರ್ಧ ತಾಸು ನೋಡಿದಳು. ಮುಂದಿನ ಎರಡು ಹಲ್ಲು ಉಳಿಯುವುದಿಲ್ಲ, ತೆಗೆದು ಬೇರೆ ಕಟ್ಟಬೇಕು, ಮಾತು ಕೂಡಲಿಕ್ಕೆ ತುಸು ದಿನ ಹಿಡಿಯುತ್ತದೆ. ತಂಬಾಕು ಬಿಟ್ಟು ಸಕ್ಕರೆ ಹಿಡಿತದಲ್ಲಿಟ್ಟುಕೊಂಡರೆ ಉಳಿದವನ್ನು ಉಳಿಸಲಿಕ್ಕೆ ನೋಡಬಹುದು ಅಂದಳು. ನಾಲ್ಕೈದು ವರ್ಷ ಮುಂಚೆ ಬಂದಿದ್ದರೆ ಇವೆರಡೂ ಉಳಿಯುತ್ತಿದ್ದವು. ಕೈಗವಸು ಕಳಚುತ್ತ, ನಿಜವಾಗಿಯೂ ತಿಳಿಯದೆ, ಪ್ರಭಂಜನನ ಕಡೆ ತಿರುಗಿದಳು.

"ಸರ್, ನೀವು ಕಳ್ಸಿದೋರು ಯಾವಾಗ್ಲೂ ವೇಳೆಕ್ಕ ಸರಿಯಾಗಿ ಬರ್ತಾರ. ಇವ್ರೊಬ್ರು ಯಾಕ ಇಷ್ಟು ತಡ ಆತು?"

ಪ್ರಭಂಜನ ಬಾಯಿ ತೆರೆಯುವ ಮೊದಲೇ ಭರಮಣ್ಣ ಕುರ್ಚಿಯಲ್ಲಿ ಎದ್ದು ಕೂತ. ತಪ್ಪು ನಂದ್ರಿ ಮೇಡಂ, ಡಾಕ್ಟ್ರು ಪ್ರತಿ ಸಲ ಹೋಗು ಹೋಗು ಅಂತಿದ್ರು, ನಾನೇ ಮೈಗಳ್ಳತನ ಮಾಡಿದೆ ಅಂದ. ಇಪ್ಪತ್ತೆರಡು ವರ್ಷದ ಹಿಂದಿನ ಅದೇ ಮುಖ, ಕೈ ಹಗುರ ಅಂದಾಗ ಇದ್ದ ಮುಖ. ಆ ಸುಳ್ಳನ್ನು ಪ್ರಭಂಜನ ಆವತ್ತು ನುಂಗಿ ಬದುಕು ಕಟ್ಟಿಕೊಂಡಿದ್ದ. ಇದನ್ನೂ ನುಂಗಬಹುದಿತ್ತು, ಸಂಘದ ಸಭೆಯ ಚಪ್ಪಾಳೆಯಂತೆ ಇದೂ ಒಳಗೆ ಇಳಿದುಹೋಗುತ್ತಿತ್ತು.

"ಹಂಗಲ್ಲ ಡಾಕ್ಟ್ರೇ," ಅಂದ ಸುಮಲತಾಗೆ. "ನಾನು ಯಾರ ಮ್ಯಾಲ ಸಿಟ್ಟು ಬರ್ತದೋ ಅವರನ್ನ ನಿಮ್ಮ ಕಡೆ ಕಳಿಸ್ತಿದ್ದೆ. ಇವರ ಮ್ಯಾಲ ನನಗ ಎಂದೂ ಸಿಟ್ಟು ಬರಲಿಲ್ಲ."

ಸುಮಲತಾ ಕೈಗವಸು ಅರ್ಧ ಕಳಚಿದ್ದಲ್ಲೇ ನಿಂತಳು. ಆರು ವರ್ಷದ ಹಳದಿ ಚೀಟಿಗಳೆಲ್ಲ ಆಕೆಯ ಕಣ್ಣ ಮುಂದೆ ಒಂದೊಂದಾಗಿ ಹಾದುಹೋದಂತಿತ್ತು. ಬೆಂಚಿನ ಕಡೆಯಿಂದ ಶೇಂಗಾ ಅಗಿಯುವ ಸದ್ದು ಮತ್ತೆ ಕೇಳತೊಡಗಿತು. ಭರಮಣ್ಣ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ, ಅದನ್ನು ಮಡಿಸಿದ, ಮತ್ತೆ ಬಿಚ್ಚಿದ.

"ಇಪ್ಪತ್ತೆರಡು ವರ್ಸದಾಗ ಒಂದ್ ಸಲನೂ ಬರಲಿಲ್ಲೇನ್ರಿ?"

ಇಲ್ಲ ಭರಮಣ್ಣ, ಒಂದ್ ಸಲನೂ ಇಲ್ಲ, ಅಂದ ಪ್ರಭಂಜನ.

"ಒಂಚೂರು ಸಿಟ್ಟು ಮಾಡ್ಕೋಬೇಕಿತ್ರಿ," ಅಂದ ಭರಮಣ್ಣ. ಸಿಟ್ಟು ಅನ್ನುವಾಗ ಮುಂದಿನ ಹಲ್ಲೆರಡೂ ನಾಲಿಗೆಯ ಜೊತೆ ಮುಂದಕ್ಕೆ ಬಂದು ಹಿಂದಕ್ಕೆ ಹೋದದ್ದು ಇಬ್ಬರು ಡಾಕ್ಟರರಿಗೂ ಕಾಣಿಸಿತು.